ಕಂಡಕ್ಟರ್ ಭಾವ ಊರು ಎಣಿಸಿದ್ದು

ನನ್ನ ಅಕ್ಕನ ಗಂಡ ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ರಿಟೈರ್ ಆಗಿ ನಾಲ್ಕು ವರ್ಷ ಆಯಿತು ಅಂತ ಕಾಗದಪತ್ರ ಹೇಳುತ್ತದೆ. ಕಾಗದ ಹೇಳಿದ್ದನ್ನೆಲ್ಲ ನಂಬಬೇಕೆಂದೇನಿಲ್ಲ. ಈಗಲೂ ಮನೆ ಬಾಗಿಲಲ್ಲಿ ಇಬ್ಬರು ನಿಂತಿದ್ದರೆ ಸಾಕು, "ಒಳಗೆ ಬನ್ನಿ, ಒಳಗೆ ಬನ್ನಿ, ಜಾಗ ಇದೆ" ಅಂತ ಬೆನ್ನಿಗೆ ಕೈ ಹಾಕಿ ತಳ್ಳುತ್ತಾರೆ. ಯಾರದೋ ಮದುವೆಗೆ ಹೋದರೆ ಒಂದು ಸಲ ಕಣ್ಣು ಹಾಯಿಸಿ "ಇನ್ನೂರ ಹದಿನೆಂಟು" ಅನ್ನುತ್ತಾರೆ. ಯಾರೂ ಕೇಳಿರುವುದಿಲ್ಲ, ಯಾರೂ ಮತ್ತೆ ಎಣಿಸಿ ನೋಡುವುದೂ ಇಲ್ಲ.

ಅವರ ಮನೆಯ ಗೋಡೆಯಲ್ಲಿ ಮದುವೆ ಫೋಟೋಗಿಂತ ದೊಡ್ಡದಾದ ಒಂದು ಪ್ರಶಸ್ತಿಪತ್ರ ಇದೆ. ಚೆಕಿಂಗ್ ಇನ್‌ಸ್ಪೆಕ್ಟರ್ ಬಸ್ ಹತ್ತಿದಾಗ ಒಳಗಿದ್ದ ಜನಕ್ಕೂ ಇವರು ಹರಿದ ಟಿಕೆಟ್ಟಿಗೂ ಒಂದೇ ಒಂದು ಸಲವೂ ವ್ಯತ್ಯಾಸ ಬರಲಿಲ್ಲ ಅಂತ ಅದರಲ್ಲಿ ಬರೆದಿದೆ. ನಾನು ಹೋದಾಗಲೆಲ್ಲ "ನೋಡಿದೆಯೇನಮ್ಮಾ ಅದನ್ನ?" ಅಂತ ಕೇಳುತ್ತಾರೆ. "ನೋಡಿದೀನಿ ಭಾವ, ಈಗ ಕಣ್ಣು ಮುಚ್ಚಿದರೂ ಕಾಣುತ್ತೆ" ಅಂತೀನಿ. ಪಾಪ, ಅದನ್ನೂ ಹೊಗಳಿಕೆ ಅಂತಲೇ ತಗೋತಾರೆ.

ಇಂಥ ಮನುಷ್ಯ ಚಳವಳಿಗೆ ಇಳಿದದ್ದು ಹೇಗೆ ಅಂತ ಹೇಳಬೇಕಾದರೆ ನಮ್ಮ ಊರಿನ ರೈಲು ಹಳಿಯ ವಿಷಯ ಹೇಳಬೇಕು. ನಾವು ಹಳಿಯ ಈಚೆ ಇದ್ದೇವೆ. ಆಸ್ಪತ್ರೆ, ಹೈಸ್ಕೂಲು, ಮಾರ್ಕೆಟ್ಟು, ಪುರಸಭೆ ಎಲ್ಲ ಆಚೆ. ನಡುವೆ ಒಂದು ಗೇಟು. ಅದು ತೆರೆದಿರುವುದಕ್ಕಿಂತ ಮುಚ್ಚಿರುವುದೇ ಹೆಚ್ಚು, ಯಾಕೆಂದರೆ ಗೂಡ್ಸ್ ಗಾಡಿಗಳು ಅಲ್ಲೇ ಬಂದು ಮುಕ್ಕಾಲು ಗಂಟೆ ನಿಂತು ಸುಧಾರಿಸಿಕೊಳ್ಳುತ್ತವೆ. ಕೆಲಸಕ್ಕೆ ಹೋಗುವವರಿಗೆ ಅಷ್ಟು ಹೊತ್ತು ಕಾಯಲು ಆಗುತ್ತದೆಯೇ? ಎಲ್ಲರೂ ಬಗ್ಗಿ, ನಿಂತ ಗಾಡಿಯ ಕೆಳಗೇ ನುಸುಳಿ ದಾಟುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಅಕ್ಕನೂ ಅಷ್ಟೆ. ಐವತ್ತನಾಲ್ಕು ವಯಸ್ಸು, ಮಂಡಿ ನೋವು, ಕೈಯಲ್ಲಿ ಊಟದ ಡಬ್ಬಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ಹೋದ ವರ್ಷ ಒಂದು ದಿನ ಅಕ್ಕ ಕೆಳಗೆ ಅರ್ಧ ದಾಟಿದ್ದಾಗ ಗಾಡಿ ಕದಲಿತು. ಒಂದು ಗೇಣು ಅಷ್ಟೆ. ಅಕ್ಕ ಹೊರಗೆ ಬಿದ್ದಳು, ಒಂದು ಚಪ್ಪಲಿ ಒಳಗೇ ಉಳಿಯಿತು. ಮನೆಗೆ ಬಂದು ಅದನ್ನು ದೊಡ್ಡ ತಮಾಷೆ ಅನ್ನುವ ಹಾಗೆ ಹೇಳಿದಳು. ನಾನೂ ನಕ್ಕೆ, ಪೆದ್ದಿ. ಭಾವ ನಗಲಿಲ್ಲ. ಎದ್ದು ಹೋಗಿ ಉಳಿದ ಇನ್ನೊಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಾ ಕೂತಿದ್ದರು.

ಮರುವಾರ ಪುರಸಭೆಗೆ ಅರ್ಜಿ ಹಾಕಿದರು: ಹಳಿಯ ಮೇಲೆ ನಡೆದು ದಾಟಲು ಒಂದು ಸೇತುವೆ ಬೇಕು. ಸಭೆಯಲ್ಲಿ ಅದನ್ನು ಮತಕ್ಕೆ ಹಾಕಿದರು. ಒಟ್ಟು ಹದಿನೈದು ಸದಸ್ಯರು. ಆಚೆಯವರು ಹದಿನಾಲ್ಕು, ನಮ್ಮವರು ಒಬ್ಬರು. ಸೇತುವೆ ಬೇಡ ಅಂತ ಹದಿನಾಲ್ಕು ಕೈ ಎದ್ದವು. ಆಚೆಯವರಿಗೆ ಹಳಿ ದಾಟಿ ಈಚೆ ಬರುವ ಕೆಲಸವೇ ಇಲ್ಲವಲ್ಲ, ಎತ್ತದೆ ಏನು ಮಾಡುತ್ತಾರೆ? ಭಾವ ಮನೆಗೆ ಬಂದು, "ಎರಡು ಸಲ ಎಣಿಸಿದೆ. ಹದಿನಾಲ್ಕೇ" ಅಂದರು. ಎರಡನೇ ಸಲ ಎಣಿಸಿದರೆ ಕಮ್ಮಿ ಆಗುತ್ತೇನೋ ಅನ್ನುವ ಆಸೆ ಅವರಿಗೆ.

ಈಚೆಯ ಜನಕ್ಕೆಲ್ಲ ಒಬ್ಬನೇ ಸದಸ್ಯ ಯಾಕೆ? ಸೀಟು ಹಂಚಿದ ಕಾಲದಲ್ಲಿ ಇಲ್ಲಿ ಬರೀ ಹೊಲ, ನಾಲ್ಕಾರು ಓಣಿ ಇದ್ದವಂತೆ. ಆಮೇಲೆ ಮನೆಯ ಮೇಲೆ ಮನೆ ಎದ್ದಿತು, ಸೀಟು ಮಾತ್ರ ಒಂದೇ ಉಳಿಯಿತು. ಇದನ್ನು ಕೇಳೋಣ ಅಂತ ನನ್ನ ಜೆರಾಕ್ಸ್ ಅಂಗಡಿಯ ಮುಂದೆ ಮೊದಲ ದಿನ ಸೇರಿದವರು ಒಂಬತ್ತು ಜನ. ಒಂಬತ್ತರಲ್ಲಿ ಮೂವರು ಜೆರಾಕ್ಸ್ ಮಾಡಿಸಲು ಬಂದವರು.

ಚಳವಳಿಗೆ ಒಂದು ರೂಪ ಕೊಟ್ಟದ್ದು ಭಾವ. ಗುಜರಿಯಿಂದ ಹಳೇ ಬಸ್ಸಿನ ಫುಟ್‌ಬೋರ್ಡ್ ಒಂದನ್ನು ಹೊತ್ತು ತಂದು ಪುರಸಭೆಯ ಮೆಟ್ಟಿಲ ಹತ್ತಿರ ಇಟ್ಟರು. ದಿನಾ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅದರ ಮೇಲೆ ಹತ್ತು ಜನ ಒಬ್ಬರಿಗೊಬ್ಬರು ಒತ್ತಿಕೊಂಡು, ಜೋತುಬಿದ್ದು ನಿಲ್ಲಬೇಕು. ಪಕ್ಕದಲ್ಲಿ ಉದ್ದದ ಖಾಲಿ ಬೆಂಚು. ಮೇಲೆ ನನ್ನ ಕೈಬರಹದಲ್ಲಿ ಬೋರ್ಡು: "ನಮಗೂ ಕೂರಲು ಜಾಗ ಕೊಡಿ." ಅರ್ಧ ಗಂಟೆಗೊಮ್ಮೆ ಭಾವ ಸೀಟಿ ಊದಿ "ಇಳೀರಿ, ಇಳೀರಿ, ಮುಂದಿನವರು ಹತ್ತಿ!" ಅನ್ನುತ್ತಿದ್ದರು. ಘೋಷಣೆ ಕೂಗಿ ಅಂದರೆ ಅವರಿಗೆ "ರೈಟ್, ರೈಟ್" ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆದರೂ ಜನ ಬಂದರು ನೋಡಿ! ಹತ್ತನೇ ದಿನಕ್ಕೆ ಫುಟ್‌ಬೋರ್ಡ್ ಹತ್ತಲು ಸಾಲು ಗೇಟಿನವರೆಗೆ ನಿಂತಿತ್ತು. ಅಕ್ಕ ಡ್ಯೂಟಿ ಮುಗಿಸಿ, ಯೂನಿಫಾರಂನಲ್ಲೇ ಬಂದು ಜೋತುಬಿದ್ದು ನಿಲ್ಲುತ್ತಿದ್ದಳು. "ನಿನ್ನ ಗಂಡನ ಬಸ್ಸು ಎಲ್ಲಿಗೆ ಹೋಗುತ್ತೆ?" ಅಂತ ಯಾರಾದರೂ ಚುಡಾಯಿಸಿದರೆ, "ಅವರು ಬಿಟ್ಟ ಕಡೆಗೆ" ಅನ್ನುತ್ತಿದ್ದಳು.

ನಲವತ್ತನೇ ದಿನ ಮೇಲಿನಿಂದ ಒಬ್ಬರು ಅಧಿಕಾರಿ ಬಂದರು. ಸೀಟು ಹಂಚುವ ಕೆಲಸ ಅವರದು. ತಣ್ಣಗಿನ ಹೆಂಗಸು, ಮಾತು ಕಮ್ಮಿ. "ನೋಡಿ, ಹಳೇ ದಾಖಲೆ ಪ್ರಕಾರ ನಿಮ್ಮ ಕಡೆ ಎರಡು ಸಾವಿರ ಜನ. ಅಲ್ಲ ಅನ್ನೋದಾದ್ರೆ ಮನೆಮನೆ ಪಟ್ಟಿ ಮಾಡಿ ತನ್ನಿ. ಒಂಬತ್ತು ಸಾವಿರ ದಾಟಿದ್ರೆ ಹದಿನೈದರಲ್ಲಿ ಆರು ಜನ ಸದಸ್ಯರು ನಿಮ್ಮ ಕಡೆಯವರಾಗೋ ಹಾಗೆ ಶಿಫಾರಸು ಮಾಡ್ತೀನಿ. ದಾಟದಿದ್ರೆ ಇನ್ನು ಹತ್ತು ವರ್ಷ ಈ ಫೈಲು ತೆಗೆಯೋ ಹಾಗಿಲ್ಲ. ಎರಡು ವಾರ ಟೈಮು" ಅಂದರು.

ಹತ್ತು ವರ್ಷ ಅಂದ ಕೂಡಲೇ ಭಾವ ಅಕ್ಕನ ಕಡೆ ನೋಡಿದ್ದನ್ನು ನಾನು ನೋಡಿದೆ. ಆ ರಾತ್ರಿಯಿಂದ ಅವರಿಗೆ ಒಂದೇ ಜಪ. "ಆರು ಕೈ ನಮ್ಮವಾದ್ರೆ ಇನ್ನೆರಡು ಕೈ ಎಲ್ಲಾದ್ರೂ ಹುಡುಕಬಹುದು. ಒಂದೇ ಕೈ ಇಟ್ಕೊಂಡು ಏಳು ಕೈ ಎಲ್ಲಿಂದ ತರಲಿ?"

ನಾನು ಹಾಳೆಗಳನ್ನು ಅಚ್ಚು ಮಾಡಿಕೊಟ್ಟೆ. ಹೆಸರು, ವಯಸ್ಸು, ಸಹಿ. ಇಪ್ಪತ್ತು ಜನ ಮನೆಮನೆ ಸುತ್ತಿ ತುಂಬಿಸಿದರು. ಆದರೆ ಎಣಿಸಿ ಕೂಡಿಸುವ ಕೆಲಸ ಮಾತ್ರ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. "ಅದು ನನ್ನ ವಿದ್ಯೆ" ಅಂದರು ಭಾವ. ಪ್ರಶಸ್ತಿಪತ್ರದ ಕೆಳಗೆ ಮೇಜು ಹಾಕಿಕೊಂಡು, ಪ್ರತಿ ಮನೆಯ ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿಂದ ಒಂದು ಸಂಖ್ಯೆ ಬರೆದು, ನಾಲ್ಕು ದಿನ ಕೂತು ಕೂಡಿಸಿದರು. ಮುಗಿಸಿ, ಮೊತ್ತ ಬರೆದ ಲಕೋಟೆ ಅಂಟಿಸಿ, ಹಾಳೆಗಳ ಕಟ್ಟುಗಳ ಜೊತೆ ಯಾರಿಗೂ ತೋರಿಸದೆ ಆಫೀಸಿಗೆ ಕೊಟ್ಟು ಬಂದರು.

"ಎಷ್ಟು ಬಂತು ಭಾವ?" ಅಂದೆ.

"ಡಿಪೋಗೆ ಕೊಡೋ ಲೆಕ್ಕ ಪ್ಯಾಸೆಂಜರಿಗೆ ತೋರಿಸೋ ಪದ್ಧತಿ ಇಲ್ಲಮ್ಮಾ."

ಆದರೆ ಅವರ ಮುಖ ಸರಿ ಇರಲಿಲ್ಲ. ಎರಡು ದಿನ ಊಟ ಮುಟ್ಟಿ ಬಿಟ್ಟರು. ಸೀಟಿ ಎಲ್ಲಿಟ್ಟರೋ ಗೊತ್ತಿಲ್ಲ. ಅಕ್ಕ ಜ್ವರವೇನೋ ಅಂತ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ವಿಚಾರಣೆಯ ದಿನ ಪುರಸಭೆಯ ಸಭಾಂಗಣ ತುಂಬಿ ಜನ ಕಿಟಕಿಯಲ್ಲೂ ನಿಂತಿದ್ದರು. ಆಚೆಯ ಸದಸ್ಯರು ಮುಂದಿನ ಸಾಲಲ್ಲಿ. ಅವರ ಮುಖಂಡ ಫರ್ನಿಚರ್ ಅಂಗಡಿಯ ಯಜಮಾನರು, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅಧಿಕಾರಿ ಲಕೋಟೆ ತೆರೆದು ಓದಿದರು.

"ಒಟ್ಟು ಜನಸಂಖ್ಯೆ ಏಳು ಸಾವಿರದ ಆರುನೂರ ಹದಿನಾಲ್ಕು..." ಅಲ್ಲಿಗೆ ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು. "...ಹದಿನಾಲ್ಕೂವರೆ."

ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂಬತ್ತು ಸಾವಿರ ಎಲ್ಲಿ, ಏಳು ಸಾವಿರ ಎಲ್ಲಿ! ಮುಂದಿನ ಸಾಲು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

"ಈ ಅರ್ಧ ಮನುಷ್ಯ ಯಾರು?" ಅಧಿಕಾರಿ ಕೇಳಿದರು.

ಭಾವ ಎದ್ದು ನಿಂತರು. "ಎಷ್ಟು ಸಲ ಕೂಡಿಸಿದರೂ ಹಾಗೇ ಬಂತು ಮೇಡಂ. ಇದ್ದಷ್ಟೇ ಬರೆದೆ. ಹೆಚ್ಚು ಬರೆಯೋಕೆ ಕೈ ಬರಲಿಲ್ಲ."

ಆಗ ನನ್ನ ಪಕ್ಕದಲ್ಲಿದ್ದ ಅಕ್ಕ ನಿಧಾನವಾಗಿ ಎದ್ದಳು. ಮೂವತ್ತು ವರ್ಷ ಸಂಸಾರ ಮಾಡಿದವಳು, ಅವಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು?

"ರೀ," ಅಂದಳು, "ಮಕ್ಕಳಿಗೆಲ್ಲ ಅರ್ಧ ಟಿಕೆಟ್ ಹಾಕಿದ್ರಾ?"

ಭಾವ ತಿರುಗಿ ನೋಡಿದರು. "ಹನ್ನೆರಡರ ಒಳಗಿದ್ರೆ ಅರ್ಧಾನೇ ಅಲ್ವೇನೇ?"

"ಐದರ ಒಳಗಿನವರಿಗೆ?"

"ಅವರಿಗೆ... ಟಿಕೆಟ್ ಇಲ್ಲವಲ್ಲ."

ಅಯ್ಯೋ, ಆ ಸಭಾಂಗಣದಲ್ಲಿ ಎದ್ದ ಗಲಾಟೆ! ನಾನು ನಗು ತಡೆಯಲಾಗದೆ ಬೆಂಚಿನ ಕೆಳಗೆ ತಲೆ ಹಾಕಿದೆ. ನನ್ನ ಅವಳಿ ಮಕ್ಕಳಿಬ್ಬರೂ ಸೇರಿ ಒಬ್ಬರಾಗಿದ್ದರು. ಎದುರುಮನೆಯ ಕೂಸು ಲೋಕದಲ್ಲೇ ಇರಲಿಲ್ಲ. ತಣ್ಣಗಿನ ಅಧಿಕಾರಿಯೂ ಫೈಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಆಮೇಲೆ, "ತೊಟ್ಟಿಲಲ್ಲಿರೋ ಮಗುವೂ ಜನಸಂಖ್ಯೆಗೆ ಪೂರ್ತಿ ಒಂದು, ಯಜಮಾನರೇ" ಅಂದರು.

ಫರ್ನಿಚರ್ ಯಜಮಾನರು ನಗು ನಿಲ್ಲಿಸಿ ಎದ್ದರು. "ಸಹಿ ಮಾಡಿ ಕೊಟ್ಟ ಲೆಕ್ಕ ಇದು. ಈಗ ಬದಲಾಯಿಸೋ ಹಾಗಿಲ್ಲ."

"ಬದಲಾಯಿಸಬಹುದು" ಅಂದರು ಅಧಿಕಾರಿ. "ಎಣಿಸಿದವರೇ ತಮ್ಮ ಕೈಯಾರೆ ತಪ್ಪೊಪ್ಪಿ ಬರೆದುಕೊಟ್ಟರೆ ಇಲ್ಲೇ ಮರುಎಣಿಕೆ ಮಾಡಿಸ್ತೀನಿ. ಆ ಕಾಗದ ಶಾಶ್ವತವಾಗಿ ದಾಖಲೆಯಲ್ಲಿ ಉಳಿಯುತ್ತೆ. ನೋಟಿಸ್ ಬೋರ್ಡಿಗೂ ಹಾಕ್ತಾರೆ."

ಒಂದು ಬಿಳಿ ಹಾಳೆ, ಒಂದು ಪೆನ್ನು ಮುಂದಿಟ್ಟರು. ಭಾವ ಅದನ್ನು ನೋಡುತ್ತಾ ನಿಂತರು. ನನ್ನ ನಗು ಅಲ್ಲಿಗೆ ಇಳಿಯಿತು. ಮೂವತ್ತೆರಡು ವರ್ಷ ಚೆಕಿಂಗ್ ಇನ್‌ಸ್ಪೆಕ್ಟರ್ ಮುಂದೆ ತಲೆ ತಗ್ಗಿಸದ ಮನುಷ್ಯ ಇವರು. ಅವರಿಗೆ ಇದ್ದ ಆಸ್ತಿ ಅದೊಂದೇ. ನಾನು ದಿನಾ ಅದನ್ನೇ ಹಿಡಿದು ಆಡಿಕೊಳ್ಳುತ್ತಿದ್ದೆ, ಆದರೆ ಅದು ಹೋಗಲಿ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ಅಕ್ಕ ಡಬ್ಬಿಯ ಚೀಲ ಹಿಡಿದುಕೊಂಡು ನಿಂತಿದ್ದಳು.

ಭಾವ ಅಕ್ಕನನ್ನು ಒಂದು ಸಲ ನೋಡಿದರು, ಕೂತರು, ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಬೇಕಿತ್ತು. ಓದಿದರು: "ನಾನು ಕಂಡಕ್ಟರ್ ಆಗಿದ್ದವನು. ಮಕ್ಕಳನ್ನು ಪೂರ್ತಿ ಎಣಿಸಿ ಅಭ್ಯಾಸ ಇಲ್ಲ. ಹಾಳೆಗಳೆಲ್ಲ ಸರಿ ಇವೆ, ತಪ್ಪು ನನ್ನದು. ಆ ಮಕ್ಕಳೆಲ್ಲ ಇಲ್ಲೇ ಇದ್ದಾರೆ, ದಯವಿಟ್ಟು ಎಣಿಸಿ." ಮುಂದಿನ ಸಾಲಲ್ಲಿ ಈ ಸಲ ಯಾರೂ ನಗಲಿಲ್ಲ.

ಗುಮಾಸ್ತರು ನಾಲ್ವರು ಕೂತು ಹಾಳೆ ಹಾಳೆ ಎಣಿಸಿದರು. ಐದು ಗಂಟೆಗೆ ಮುಗಿಯಿತು. ಒಂಬತ್ತು ಸಾವಿರದ ಎಪ್ಪತ್ತೊಂದು. ಅಧಿಕಾರಿ ಎರಡು ಕಟ್ಟು ತೆಗೆದು ತಾವೇ ಎಣಿಸಿ ನೋಡಿ, "ಆರು ಸದಸ್ಯರಿಗೆ ಶಿಫಾರಸು ಮಾಡ್ತೀನಿ" ಅಂತ ಸಹಿ ಹಾಕಿದರು. ಜನ ಕೂಗಿದ ಕೂಗಿಗೆ ಕಿಟಕಿಯ ಗಾಜು ಅಲ್ಲಾಡಿತು. ಭಾವನನ್ನು ಹೆಗಲ ಮೇಲೆ ಎತ್ತಲು ಹೋದರು. "ಇಳಿಸ್ರೋ, ಇಳಿಸ್ರೋ!" ಅಂತ ಬೊಬ್ಬೆ ಹೊಡೆದು ಇಳಿದರು.

ಎಲ್ಲರೂ ಒಟ್ಟಿಗೆ ಮನೆ ಕಡೆ ಹೊರಟೆವು. ಮುನ್ನೂರು ನಾನೂರು ಜನ ಇರಬಹುದು. ಎಷ್ಟು ಅಂತ ಭಾವನನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಗೇಟಿಗೆ ಬಂದರೆ ಅದು ಮುಚ್ಚಿತ್ತು. ಗೂಡ್ಸ್ ಗಾಡಿ ಈ ತುದಿಯಿಂದ ಆ ತುದಿಗೆ ನಿಂತಿತ್ತು. ಅಕ್ಕ ಎಂದಿನ ಹಾಗೆ ಚೀಲವನ್ನು ಎದೆಗೆ ಒತ್ತಿಕೊಂಡು, ಮಂಡಿಗೆ ಒಂದು ಕೈ ಕೊಟ್ಟು ಬಗ್ಗಲು ಹೋದಳು.

ಭಾವ ಅವಳ ತೋಳು ಹಿಡಿದರು. ಎಲ್ಲರ ಮುಂದೆ ಅವರು ಅಕ್ಕನ ಕೈ ಹಿಡಿದದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ.

"ಬೇಡ ಕಣೆ. ನಂಗೆ ಭಯ ಆಗುತ್ತೆ. ಒಂದು ವರ್ಷದಿಂದ ದಿನಾ ಭಯ ಆಗುತ್ತೆ. ಸೇತುವೆ ಬರೋ ಹೊತ್ತಿಗೆ ನೀನು ಇರ್ಬೇಕು."

"ಮನೇಲಿ ನೂರೆಂಟು ಕೆಲಸ ಇದೆ ರೀ. ಇದು ಯಾವಾಗ ಹೊರಡುತ್ತೋ ಏನೋ."

"ಹೊರಡೋವರೆಗೆ ನಿಲ್ಲೋಣ. ನಾನೂ ನಿಲ್ತೀನಿ."

ಹಿಂದಿದ್ದವರಲ್ಲಿ ಆಗಲೇ ಬಗ್ಗಿದ್ದ ಒಬ್ಬಿಬ್ಬರು ಎದ್ದು ನಿಂತು ಕೈಯ ಧೂಳು ಒರೆಸಿಕೊಂಡರು. ಮಕ್ಕಳನ್ನು ಎತ್ತಿಕೊಂಡಿದ್ದವರು ಹಿಂದಕ್ಕೆ ಸರಿದರು. ಅಕ್ಕ ನನ್ನ ಕಡೆ ತಿರುಗಿ, "ನಿಮ್ಮ ಭಾವನಿಗೆ ತಲೆ ಕೆಟ್ಟಿದೆ ನೋಡು" ಅಂದಳು. ಕಣ್ಣು ತುಂಬಿತ್ತು. ಆದರೆ ಬಗ್ಗಲಿಲ್ಲ.