ಹಲ್ಲು ಮೂಡದ ಕೂಸಿಗೆ ಅಳಬಾರದು

ಮುಂಡರಗಿಯ ನಮ್ಮ ಮನೆಯಲ್ಲಿ ಹೆಂಗಸರ ಮನಸ್ಸು ತಿಳಿಯಲು ಮುಖ ನೋಡಬೇಕಿರಲಿಲ್ಲ, ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕಿತ್ತು. ಅವ್ವನಿಗೆ ಸಿಟ್ಟು ಬಂದ ದಿನ ಪಡಸಾಲೆಯಲ್ಲಿ ಕೂತವರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಣ್ಣನ ಹೆಂಡತಿ, ನನ್ನ ವೈನಿ, ಬಡಿಯುವುದು ಬೇರೆ ರೀತಿ. ಹಗುರ ಕೈ, ಜೊತೆಗೊಂದು ಗುನುಗು. ಕೂಸು ಹೋದ ಮೇಲೆ ಆ ಸದ್ದು ನಡುವೆಯೇ ನಿಲ್ಲತೊಡಗಿತು. ಅರ್ಧ ಬಡಿದ ರೊಟ್ಟಿಯ ಮೇಲೆ ಅಂಗೈ ಇಟ್ಟು ಕೂತುಬಿಡುತ್ತಿದ್ದಳು. ಹಂಚು ಹೊಗೆಯಾಡಿದರೂ ಅವಳಿಗೆ ಖಬರು ಇರುತ್ತಿರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೆಣ್ಣುಕೂಸು, ಐದು ತಿಂಗಳದು, ಜ್ವರಕ್ಕೆ ಹೋಯಿತು. ಅಣ್ಣ ತನ್ನ ಧೋತರದ ತುಂಡಿನಲ್ಲಿ ಸುತ್ತಿಕೊಂಡು ಹೊಲದ ಕಡೆ ನಡೆದ. ವೈನಿ ಹೊಸ್ತಿಲಿಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ಅವ್ವ ಸೆರಗಿನಿಂದ ಅವಳ ಬಾಯಿ ಮುಚ್ಚಿದಳು.

“ಹಲ್ಲು ಮೂಡದ ಕೂಸಿಗೆ ಅಳಬಾರದವಾ. ಅತ್ರ ಅದು ಹೊಸ್ತಿಲದಾಗ ನಿಂದರತೈತಿ. ಹಿಂದ ಬರೋ ಕೂಸಿಗೆ ದಾರಿ ಬಿಡೂದಿಲ್ಲ.”

ಅದು ನಮ್ಮ ಮನೆತನದ ಕಟ್ಟಳೆ. ಅದೇ ಸಂಜೆ ತೊಟ್ಟಿಲು ಚಕ್ಕಡಿ ಏರಿ, ಅದು ಬಂದಿದ್ದ ವೈನಿಯ ತವರು ಲಕ್ಷ್ಮೇಶ್ವರಕ್ಕೆ ಹೊರಟಿತು. ಕೂಸಿನ ತಲೆಗೆ ಕಟ್ಟುತ್ತಿದ್ದ ಕುಂಚಿಗೆ ಯಾವುದೋ ಪೆಟ್ಟಿಗೆಯ ತಳ ಸೇರಿತು. ವೈನಿಯ ಎದೆಹಾಲು ಬತ್ತಲೆಂದು ಅವ್ವ ಮಲ್ಲಿಗೆ ಮೊಗ್ಗು ತಂದು ಬಟ್ಟೆಯಲ್ಲಿ ಬಿಗಿದು ಕಟ್ಟಿದಳು. ಕೂಸಿನ ಮಾತು ಯಾರೂ ಎತ್ತಬಾರದೆಂದು ಆಳುಮಕ್ಕಳಿಗೂ ತಾಕೀತಾಯಿತು. ಅವ್ವ ಇದನ್ನೆಲ್ಲ ಕಲ್ಲೆದೆಯಿಂದ ಮಾಡಲಿಲ್ಲ. ಸೊಸೆಯ ಹೊಟ್ಟೆ ಮತ್ತೆ ತುಂಬಲಿ ಎಂಬ ಆಸೆಯಿಂದಲೇ ಮಾಡಿದಳು.

ಹಿಂದಿನ ವರ್ಷವೇ ನಮ್ಮಜ್ಜ ತೀರಿಕೊಂಡಿದ್ದ. ಹಮ್ಮಿಗಿಯಿಂದ, ಮುಳಗುಂದದಿಂದ ಹೆಂಗಸರು ಬಂದು ಅವ್ವನ ಕೊರಳಿಗೆ ಬಿದ್ದು, ಅಜ್ಜನ ಗುಣ ಹಾಡಿ ಹಾಡಿ ಅತ್ತಿದ್ದರು. ಅವನ ಬಡಿಗೆಯನ್ನೂ ಬಿಡಲಿಲ್ಲ, ಎಲೆಚೀಲವನ್ನೂ ಬಿಡಲಿಲ್ಲ. ಉಂಡುಟ್ಟು ಮೊಮ್ಮಕ್ಕಳನ್ನು ಕಂಡು ಹೋದ ಮುದುಕನಿಗೆ ಅಷ್ಟು ಅಳು. ಲೋಕವನ್ನೇ ಕಾಣದ ಕೂಸಿಗೆ ಒಂದು ಹನಿಯೂ ಇಲ್ಲ. ಈ ನ್ಯಾಯ ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಆದರೆ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿಯ ಮಾತನ್ನು ಮನೆಯಲ್ಲಿ ಕೇಳುವವರು ಯಾರು? “ನಾಕಕ್ಷರ ಕಲ್ತು ನಾಲಿಗಿ ಉದ್ದ ಆಗೇತಿ,” ಅನ್ನುವವರೇ ಎಲ್ಲ.

ವೈನಿ ಮಾತು ಬಿಟ್ಟಳು. ಕರೆದರೆ ‘ಹೂಂ’, ಇಲ್ಲದಿದ್ದರೆ ಅದೂ ಇಲ್ಲ. ಗಾಳಿ ಸೋಂಕಿದೆ ಎಂದು ಡೋಣಿ ಎಂಬ ಊರಿನಿಂದ ಮಂತ್ರಿಸಿದ ದಾರ ತಂದು ಕಟ್ಟಿಸಿದರು. ದಾರ ಕರ್ರಗಾಯಿತೇ ಹೊರತು ವೈನಿ ಬೆಳ್ಳಗಾಗಲಿಲ್ಲ. ಅಣ್ಣ ಅರಳೆ ವ್ಯಾಪಾರದ ನೆಪ ಹೇಳಿ ಗದಗಿನಲ್ಲೇ ಹೆಚ್ಚು ದಿನ ಉಳಿಯತೊಡಗಿದ. ಕೊನೆಗೆ ಹಿರಿಯರು ಕೂತು ಮಾತಾಡಿದರು: ಯುಗಾದಿಯೊಳಗೆ ಸುಧಾರಿಸದಿದ್ದರೆ ಇವಳನ್ನು ತವರಿಗೆ ಬಿಡುವುದು, ಅಣ್ಣನಿಗೆ ಶಿರಹಟ್ಟಿಯ ಒಂದು ಸಂಬಂಧ ನೋಡುವುದು. ವೈನಿ ಒಳಗೆ ನೀರು ತುಂಬುತ್ತಿದ್ದಳು. ಎಲ್ಲ ಕೇಳಿಸಿತ್ತು. ಕೊಡ ತುಂಬಿ ಹರಿದರೂ ಸುರಿಯುತ್ತಲೇ ಇದ್ದಳು.

ಆ ದಿನಗಳಲ್ಲಿ ನಮ್ಮೂರಿನ ಮೂಡಣಕ್ಕೆ ಕೆಲವು ಹರದಾರಿ ನಡೆದರೆ ನಿಜಾಮನ ಸೀಮೆ. ನಾವು ಅದನ್ನು ಮೊಗಲಾಯಿ ಅನ್ನುತ್ತಿದ್ದೆವು. ಅಲ್ಲಿ ಗದ್ದಲ ಹೆಚ್ಚಾಗಿ ಜನ ಗಂಟುಮೂಟೆ ಕಟ್ಟಿಕೊಂಡು ಮುಂಡರಗಿಗೆ ಬರುತ್ತಿದ್ದರು. ಹಾಗೆ ಬಂದ ಒಬ್ಬ ಮುದುಕಿಗೆ ಅವ್ವ ಪಡಸಾಲೆಯಲ್ಲಿ ಜಾಗ ಕೊಟ್ಟಳು. ಆಕೆಗೆ ನಮ್ಮ ಮನೆಯ ಕಟ್ಟಳೆ ಗೊತ್ತಿಲ್ಲ. ಹೇಳುವ ಪುರಸೊತ್ತು ಯಾರಿಗೂ ಇರಲಿಲ್ಲ.

ಬಂದ ಮರುದಿನ ಬೆಳಗ್ಗೆ ಮುದುಕಿ ಗೋಡೆಗೊರಗಿ ಕೂತಿದ್ದಳು. ವೈನಿ ಅವಳ ಮುಂದೆ ರೊಟ್ಟಿಯ ತಾಟು ಇಟ್ಟಳು. ಮುದುಕಿ ಮೇಲೆ ನೋಡಿದಳು. ತೊಟ್ಟಿಲು ಹೋಗಿತ್ತು, ತೊಲೆಯ ಕೊಂಡಿ ಹೋಗಿರಲಿಲ್ಲ. ಹಗ್ಗ ತಿಕ್ಕಿ ತಿಕ್ಕಿ ಅದು ಮಿರಿಮಿರಿ ಹೊಳೆಯುತ್ತಿತ್ತು.

“ಕೊಂಡಿ ಹೊಳೀತೈತೆಲ್ಲವಾ. ತೊಟ್ಲಾ ತೂಗಿದ್ದು ಯಾರದು? ಕೂಸೆಲ್ಲೈತಿ?”

ವೈನಿ ನಿಂತಲ್ಲೇ ನಿಂತಳು. ಅವಳ ಮುಖ ನೋಡಿ ಮುದುಕಿಗೆ ತಿಳಿಯಿತು. ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು.

“ಹೋತೇನು? ಅಯ್ಯ ನನ ಮಗಳ. ಎಂಥಾದಿತ್ತು? ಯಾರ ಹಂಗಿತ್ತು?”

ಇಷ್ಟು ದಿನ ಯಾರೂ ಕೇಳದ ಮಾತು. ವೈನಿಯ ತುಟಿ ಅಲುಗಿತು.

“ಮೂಗು ಅವರಂಗಿತ್ರಿ,” ಅಂದಳು. ಆಮೇಲೆ, “ನಿದ್ದಿ ಬಂದ್ರ ನನ್ನ ಹೆರಳು ಹಿಡಕೊಂತಿತ್ರಿ. ಬಿಡ್ತಿದ್ದಿಲ್ರಿ. ಆಮ್ಯಾಗ ಜ್ವರದಾಗ ಒಮ್ಮೆ ಬಿಟ್ಟುಬಿಡ್ತ್ರಿ.”

ಆಗ ಅತ್ತಳು. ಕಟ್ಟೆ ಒಡೆದಂತೆ, ಬೀದಿಗೆಲ್ಲ ಕೇಳುವಂತೆ ಅತ್ತಳು. ಅವ್ವ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಓಡಿ ಬಂದಳು. ಇನ್ನು ಮುದುಕಿಗೆ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ. ಆದರೆ ಅವ್ವ ಕಂಬ ಹಿಡಿದು ನಿಧಾನಕ್ಕೆ ನೆಲದ ಮೇಲೆ ಕೂತಳು.

“ನಂದೂ ಒಂದಿತ್ತು,” ಅಂದಳು. “ಚೊಚ್ಚಲದ್ದು, ಹೆಣ್ಣು. ಬಲಗಿವಿ ಹಿಂದ ಮಚ್ಚಿ ಇತ್ತು.”

ಅವ್ವನ ಬಾಯಿಗೂ ಒಂದು ಕಾಲಕ್ಕೆ ಯಾರದೋ ಸೆರಗು ಅಡ್ಡ ಬಂದಿತ್ತು. ನನಗೊಬ್ಬಳು ಅಕ್ಕ ಇದ್ದಳೆಂಬುದು ಹಾಗೆ ಗೊತ್ತಾಯಿತು. ಅವ್ವ ಎದ್ದುಹೋಗಿ ಪೆಟ್ಟಿಗೆಯಿಂದ ಕುಂಚಿಗೆ ತಂದು ವೈನಿಯ ಮಡಿಲಿಗೆ ಹಾಕಿದಳು. ಆದರೂ ತಾನು ಮಾತ್ರ ಅಳಲಿಲ್ಲ. ಅವಳ ಕಣ್ಣು ಅಳುವುದನ್ನೇ ಮರೆತಿತ್ತೇನೋ.

ಅಂದಿನಿಂದ ವೈನಿ ಕುಣಿದಾಡಿದಳು ಎಂದರೆ ಸುಳ್ಳಾಗುತ್ತದೆ. ಎಷ್ಟೋ ದಿನ ಅತ್ತಳು, ಮುದುಕಿಯ ಹತ್ತಿರ ಕೂತು ಕೂಸಿನ ಮಾತಾಡಿದಳು. ಗದಗಿನಿಂದ ಬಂದ ಅಣ್ಣ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡವನು ಒಂದು ಸಂಜೆ ತಾನೂ ಬಂದು ಪಕ್ಕದಲ್ಲಿ ಕೂತ. ಕೂಸನ್ನು ಹೊಲದಲ್ಲಿ ಎಲ್ಲಿ ಮಲಗಿಸಿದ್ದೆಂದು ಹೆಂಡತಿಗೆ ಹೇಳಿದ. ಯುಗಾದಿಯ ಹೊತ್ತಿಗೆ ರೊಟ್ಟಿಯ ಸದ್ದು ನಡುವೆ ನಿಲ್ಲುವುದು ಕಡಿಮೆಯಾಗಿತ್ತು. ಶಿರಹಟ್ಟಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕನ್ನಡ ನಾಡು ಒಂದಾದ ವರ್ಷ ನಾನು ಶಿಕ್ಷಕಿಯ ತರಬೇತಿಗೆಂದು ಧಾರವಾಡದಲ್ಲಿದ್ದೆ. ಅಲ್ಲಿ ಮನಃಶಾಸ್ತ್ರ ಒಂದು ವಿಷಯ. ಅದುಮಿಟ್ಟ ದುಃಖ ಕರಗುವುದಿಲ್ಲ, ನೊಂದವರಿಗೆ ಬುದ್ಧಿ ಹೇಳುವುದಕ್ಕಿಂತ ಅವರ ಮಾತು ಕೇಳುವುದು ಮುಖ್ಯ ಎಂದು ಗುರುಗಳು ಪಾಠ ಮಾಡುತ್ತಿದ್ದಾಗ ನನಗೆ ನಮ್ಮ ಪಡಸಾಲೆ ಕಣ್ಣಿಗೆ ಕಟ್ಟಿತು. ಉಳಿದವರು ಬರೆದುಕೊಂಡರು, ನಾನು ಕಣ್ಣೊರೆಸಿಕೊಂಡೆ. ಮುದುಕಿ ಕೇಳಿದ್ದು ತಿಳಿಯದೆ. ತಿಳಿದು ಕೇಳುವುದನ್ನು ನನಗೆ ಕಲಿಸಿದ್ದು ಆ ಪಾಠ, ಅದರ ಋಣ ದೊಡ್ಡದು. ಮುಂದೆ ಬೆಟಗೇರಿಯ ಶಾಲೆಯಲ್ಲಿ, ತಾಯಿ ಸತ್ತ ಮೇಲೆ ಬಾಯಿ ಬಿಡದ ನೇಕಾರರ ಹುಡುಗಿಯೊಬ್ಬಳನ್ನು ಎಲ್ಲರೂ ಮೊಂಡಿ ಅನ್ನುತ್ತಿದ್ದರು. “ನಿಮ್ಮವ್ವ ಯಾವ ಅಡಗಿ ಚಲೋ ಮಾಡ್ತಿದ್ಲು?” ಎಂದು ಕೇಳಿದೆ. ಉತ್ತರ ಅಂದೇ ಬರಲಿಲ್ಲ. ಬಂದಾಗ ನನ್ನ ಸೀರೆಯ ಸೆರಗು ತೊಯ್ದುಹೋಯಿತು.

ಅವ್ವ ತೀರಿಕೊಂಡದ್ದು ಅದಾದ ಎಷ್ಟೋ ವರ್ಷಕ್ಕೆ. ಅಷ್ಟರಲ್ಲಿ ವೈನಿಗೆ ಬೆಳೆದ ಮಕ್ಕಳಿದ್ದರು. ಹಮ್ಮಿಗಿಯ ಹೆಂಗಸರು, ಮುಳಗುಂದದ ಹೆಂಗಸರು ಬಂದು ಅವ್ವನ ಗುಣ ಹಾಡಿ ಅತ್ತರು. ವೈನಿಯ ಸರದಿ ಬಂತು. ಅವಳು ಅತ್ತೆಯ ಪಾದ ಹಿಡಿದುಕೊಂಡು, ಕೂಡಿದ ಮಂದಿಯೆದುರು ದನಿ ತೆಗೆದಳು:

“ಹೋಗ ನನ ಅತ್ತಿ, ಜಲ್ದಿ ಹೋಗ. ಬಲಗಿವಿ ಹಿಂದ ಮಚ್ಚಿ ಇದ್ದಾಕಿ ದಾರಿ ಕಾಯಾಕತ್ತಾಳ. ನಿನ್ನ ಚೊಚ್ಚಲ ಮಗಳ, ಇನ್ನೂ ಹಲ್ಲು ಮೂಡಿಲ್ಲ. ಎತ್ತಿಕೋ ನನ ಅತ್ತಿ, ಅಕೀನ ಎತ್ತಿಕೋ.”

ನಮ್ಮಕ್ಕನಿಗೆ ಅಳು ಸಂದದ್ದು ಆ ದಿನ.