ಕೊಚ್ಚಿಯಲ್ಲಿ ಹುಟ್ಟಿದ ಸೂರ್ಯ

"ಇದ್ಯಾಕಮ್ಮ ಬಾಗ್ಲು ಮುಚ್ಚವ್ರೆ?"

ನನ್ನ ಪುದುಚೇರಿ ಫೋಟೋ ನೋಡಿ ಜಯಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಹಳದಿ ಗೋಡೆ, ನೀಲಿ ಬಾಗಿಲು, ಮೇಲೆ ಕಾಗದದ ಹೂವಿನ ಬಳ್ಳಿ. ಅದಕ್ಕಾಗಿ ಬಿಸಿಲಲ್ಲಿ ಕಾದು ಮೂಗು ಸುಟ್ಟುಕೊಂಡಿದ್ದೆ.

"ಮುಚ್ಚಿದ್ ಬಾಗ್ಲು ಗೋಡೆಗ್ ಆಕ್ಕಂಡ್ರೆ ಲಕ್ಷ್ಮಿ ಎಂಗ್ ಒಳಿಕ್ ಬತ್ತಾಳೆ?"

ಜಯಮ್ಮ ನಮ್ಮ ಮನೆ ಓನರ್. ವೈಟ್‌ಫೀಲ್ಡ್ ಪಕ್ಕದ ಪಟ್ಟಂದೂರು ಅಗ್ರಹಾರದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಪಿಜಿ ಬೆಳೆಯುತ್ತಿದ್ದಾರೆ. (ಇಳುವರಿ ಚೆನ್ನಾಗಿದೆ.) ಹೊಸ ಕಟ್ಟಡವೊಂದು ಎದ್ದಿತ್ತು. ಕೆಳಗೆ ಅವರ ಮನೆ, ಮೇಲೆಲ್ಲ ಹುಡುಗರ ರೂಮು. ಗೃಹಪ್ರವೇಶಕ್ಕೆ ಹಾಲ್‌ನಲ್ಲಿ ಹಾಕಲು ದೊಡ್ಡ ಫೋಟೋ ಬೇಕೆಂದು ಅವರೇ ಹುಡುಕಿಕೊಂಡು ಬಂದಿದ್ದರು.

ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಸಿಟಿ ಬ್ರೇಕ್. ಶುಕ್ರವಾರ ಸಂಜೆ ಗಂಡನನ್ನು ಎಳೆದುಕೊಂಡು ಬಸ್ಸೋ ವಿಮಾನವೋ ಹತ್ತುವುದು, ಯಾವುದೋ ಊರು ನೋಡುವುದು, ಸೋಮವಾರ ಕಣ್ಣುಜ್ಜಿಕೊಂಡು ಲಾಗಿನ್ ಆಗುವುದು. ತಂದ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸುತ್ತೇನೆ. ನೋಡಿದವರೆಲ್ಲ ಸೂಪರ್ ಅನ್ನುತ್ತಾರೆ, ಒಯ್ಯುವವರು ಮಾತ್ರ ಇಲ್ಲ. ಒಂದೇ ಒಂದು ಫೋಟೋವಾದರೂ ಇನ್ನೊಬ್ಬರ ಮನೆಯ ಗೋಡೆ ಏರಬೇಕೆಂದು ಎಷ್ಟು ಆಸೆಯಿತ್ತೆಂದರೆ, ಅವತ್ತು ಜಯಮ್ಮನ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದೆ.

ಜೈಪುರದ ಕೋಟೆ ತೋರಿಸಿದೆ. "ಪಾಳ್ ಬಿದ್ದೈತೆ." ಚೆನ್ನೈನ ದೋಣಿ? "ಖಾಲಿ ಐತೆ. ಖಾಲಿ ಇರಾದು ಮನೇಗ್ಯಾಕೆ?"

ಕೊನೆಗೆ ಕೊಚ್ಚಿ. ದಡದ ಚೀನಾ ಮೀನುಬಲೆಗಳ ಹಿಂದೆ, ಕಡಲಿನ ಮೇಲೆ ಕೆಂಪು ಸೂರ್ಯ. ಜಯಮ್ಮನ ಮುಖ ಅರಳಿತು.

"ಸಂದಾಗೈತೆ. ಉಟ್ಟೋ ಸೂರ್ಯನಾ, ಮುಳುಗೋನಾ? ಮುಳುಗೋನಾದ್ರೆ ಬ್ಯಾಡ."

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ (ಸೇಲ್ಸ್‌ನಲ್ಲಿದ್ದಾನೆ, ಪಾಪ) "ಹುಟ್ಟೋದೇ ಆಂಟಿ" ಅಂದುಬಿಟ್ಟ. ಪಶ್ಚಿಮದ ಕಡಲಲ್ಲಿ ಸೂರ್ಯನನ್ನು ಹುಟ್ಟಿಸಿದ ಮಹಾನುಭಾವ. ನಾನಾದರೂ ತಿದ್ದಬಹುದಿತ್ತು. ತಿದ್ದಲಿಲ್ಲ. ಗೋಡೆಯ ಆಸೆ ಅಂಥದ್ದು.

ಗೃಹಪ್ರವೇಶದ ದಿನ ಫೋಟೋ ಹಾಲ್‌ನ ನಡುಗೋಡೆಯಲ್ಲಿತ್ತು. ಕೈಯಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದು ನಾನು ಅದರ ಪಕ್ಕದಲ್ಲೇ ಸುಳಿದಾಡುತ್ತಿದ್ದೆ. ಯಾರಾದರೂ ತಲೆಯೆತ್ತಿದರೆ ಸಾಕು, ಮೈಯೆಲ್ಲ ಹಿಗ್ಗುತ್ತಿತ್ತು. ಜಯಮ್ಮನ ಹಳೇ ಪಿಜಿಯಿಂದ ಇಲ್ಲಿನ ಮೂರನೇ ಮಹಡಿಗೆ ಬಂದಿದ್ದ ಹುಡುಗರೂ ಊಟಕ್ಕೆ ಇಳಿದು ಬಂದರು. ಅವರಲ್ಲಿ ಜಿತಿನ್ ಕೊಚ್ಚಿಯವನು ಎಂಬುದು ನನಗೆ ನೆನಪಾಗುವಷ್ಟರಲ್ಲಿ ಅವನು ಫೋಟೋ ಮುಂದೆ ನಿಂತಾಗಿತ್ತು.

"ಆಂಟಿ, ಇದು ನಮ್ಮ ಊರು. ಡೈಲಿ ಸನ್‌ಸೆಟ್ ನೋಡೋಕೆ ನಾವು ಇಲ್ಲೇ ಹೋಗೋದು."

ಜಯಮ್ಮ ನನ್ನ ಗಂಡನ ಕಡೆ ತಿರುಗಿದರು. ಅವನಿಗೆ ಇದ್ದಕ್ಕಿದ್ದಂತೆ ಒಬ್ಬಟ್ಟಿನ ಮೇಲೆ ವಿಪರೀತ ಆಸಕ್ತಿ ಬಂದಿತ್ತು. ಜಯಮ್ಮ ಸ್ಟೂಲ್ ಎಳೆದು, ಹತ್ತಿ, ಫೋಟೋ ಇಳಿಸಿದರು. ನನಗೆ ಅಳುವೇ ಬಂತು. ಭೂಮಿ ಬಾಯಿ ಬಿಡಬಾರದೇ ಅನಿಸಿತು. (ಹೊಸ ಗ್ರಾನೈಟು, ಬಿಡಲಿಲ್ಲ.)

ಆದರೆ ಅವರು ಫೋಟೋವನ್ನು ನನ್ನ ಕೈಗೆ ಕೊಡಲಿಲ್ಲ.

"ಜಿತಿನ್ನು, ನೀನ್ ಡ್ಯೂಟಿಗ್ ಓಗಾದ್ ಯಾವಾಗ್ಲಾ?"

"ಈವ್ನಿಂಗ್ ಆಂಟಿ. ನಮ್ಮ ಫ್ಲೋರ್ ಎಲ್ಲಾ ನೈಟ್ ಶಿಫ್ಟ್."

"ನೀವ್ ಎದ್ದೇಳಾದೇ ಒತ್ತು ಮುಳುಗಾಗ. ಅಂಗಾದ್ರೆ ನಿಮ್ಗೆ ಇವ್ನೇ ಉಟ್ಟೋ ಸೂರ್ಯ. ಮ್ಯಾಲಕ್ ತಗಂಡೋಗಿ ಆಕ್ಕಳಿ."

ಹಾಗೆ ನನ್ನ ಕೊಚ್ಚಿ ಮೂರನೇ ಮಹಡಿಯ ಗೋಡೆ ಏರಿತು. ಹುಡುಗರು ಅದರ ಕೆಳಗೆ ಹಲ್ಲುಜ್ಜುತ್ತಾ ನಿಲ್ಲುತ್ತಾರಂತೆ. ಜಯಮ್ಮ ನನ್ನ ಮೇಲೆ ಸಿಟ್ಟಾಗಲಿಲ್ಲ. "ಕೆಳಗಿನ ಗೋಡೆ ನಿಂಗೇ ಇಟ್ಟಿರ್ತೀನಿ ಕಣಮ್ಮ. ಒಂದ್ ನಿಜವಾದ್ ಬೆಳಗು ಕೊಡು" ಅಂದರು.

ಮನೆಗೆ ಬಂದು ಹಾರ್ಡ್ ಡಿಸ್ಕ್ ಪೂರ್ತಿ ಜಾಲಾಡಿದೆ. ಇಷ್ಟು ಊರು, ಇಷ್ಟು ಫೋಟೋ. ಒಂದೇ ಒಂದು ಸೂರ್ಯೋದಯವಿಲ್ಲ. ಇರುವುದಾದರೂ ಹೇಗೆ? ಯಾವ ಊರಿಗೆ ಹೋದರೂ ಹೋಟೆಲಿನವರು ತಿಂಡಿ ಮುಗಿಯುತ್ತದೆಂದು ಬಾಗಿಲು ಬಡಿಯುವ ತನಕ ನಾವು ಹೊದಿಕೆಯಿಂದ ಹೊರಬಂದವರಲ್ಲ.

ಅಲ್ಲ ಕಣ್ರೀ, ವೈಟ್‌ಫೀಲ್ಡಿನ ನಾವು ಊರು ನೋಡಲು ಹೋಗುತ್ತೇವೋ, ವಾರದ ಬಾಕಿ ನಿದ್ದೆ ಮುಗಿಸಲು ಹೋಗುತ್ತೇವೋ?