ಅಕ್ಕನ ಕಾಲಿಗೆ ಲೇಸರ್ ಹಿಡಿದ ದಿನ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಿಂದಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಹರಿಯುವ ನೀರನ್ನು ಮುಟ್ಟದೆ ಅದರ ವೇಗ ಅಳೆಯುವುದು ನನ್ನ ಪಿಎಚ್.ಡಿ.ಯ ವಿಷಯ. ಲೇಸರ್ ಬೆಳಕನ್ನು ಎರಡು ಕಿರಣವಾಗಿ ಸೀಳಿ ಗಾಜಿನ ಕೊಳವೆಯೊಳಗೆ ಒಂದು ಕಡೆ ಕೂಡಿಸಬೇಕು. ಕೂಡಿದಲ್ಲಿ ಕೂದಲಿಗಿಂತ ಸಣ್ಣ ಬೆಳಕು-ಕತ್ತಲೆಯ ಪಟ್ಟೆಗಳು ಮೂಡುತ್ತವೆ. ನೀರಿಗೆ ಒಂದು ಹನಿ ಹಾಲು ಬೆರೆಸಿದರೆ ಹಾಲಿನ ಕಣಗಳು ಆ ಪಟ್ಟೆಗಳನ್ನು ದಾಟುತ್ತ ಮಿನುಗುತ್ತವೆ. ಎಷ್ಟು ಬೇಗ ಬೇಗ ಮಿನುಗಿದವು ಎಂಬುದರಿಂದ ನೀರಿನ ವೇಗ ತಿಳಿಯುತ್ತದೆ.

ಹೇಳಲು ಇಷ್ಟೇ. ಮಾಡಲು ನಾಲ್ಕು ವರ್ಷ ಹಿಡಿಯಿತು. ರಸ್ತೆಯಲ್ಲಿ ಒಂದು ಬಸ್ಸು ಹೋದರೂ ಮೇಜು ನಡುಗಿ ಪಟ್ಟೆಗಳು ಅಳಿಸಿಹೋಗುತ್ತಿದ್ದವು. ಸ್ಕೂಟರಿನ ಹಳೆಯ ಟ್ಯೂಬುಗಳಿಗೆ ಗಾಳಿ ತುಂಬಿಸಿ, ಅವುಗಳ ಮೇಲೆ ಶಹಾಬಾದಿ ಕಲ್ಲು ಹಾಸಿದ ನಂತರ ಪಟ್ಟೆಗಳು ಅಲುಗದೆ ನಿಂತವು. ಮಿನುಗು ಸದ್ದಾಗಿ ಕೇಳಲೆಂದು ಅದನ್ನು ಸ್ಪೀಕರಿಗೂ ಜೋಡಿಸಿದ್ದೆ. ಒಮ್ಮೆ ಒಂದೇ ಕಿರಣವನ್ನು ನನ್ನ ಬೆರಳಿಗೆ ಹಿಡಿದಾಗ ಸ್ಪೀಕರು ಸರ್ ಎಂದಿತು. ಚರ್ಮದಡಿ ಓಡುವ ರಕ್ತ ಬೆಳಕಿನ ಕಂಪನವನ್ನು ಚೂರು ಬದಲಿಸುತ್ತದೆ, ಆ ಬದಲಾವಣೆಯ ಸದ್ದು ಅದು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಆಲಮೇಲದಲ್ಲಿ ಕನ್ನಡ ಸಾಲಿಯ ಶಿಕ್ಷಕಿ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಕಚೇರಿ ಕೆಲಸಕ್ಕೆಂದು ಸಿಂದಗಿಗೆ ಬಂದವಳು ಒಂದು ಮಧ್ಯಾಹ್ನ ಪ್ರಯೋಗಾಲಯಕ್ಕೇ ಬಂದಳು.

"ನಾಕ ವರ್ಷ ಆತು, ಹಬ್ಬಕ್ಕೂ ಮನಿಗೆ ಬರವೊಲ್ಲಿ. ಅದೇನ ಮಷೀನ ಅದು, ನಾನೂ ನೋಡ್ತೇನಿ" ಅಂದಳು.

ಕಿಟಕಿಗೆ ಕರಿ ಬಟ್ಟೆ ಎಳೆದು, ಅವಳ ಕೈಬೆರಳಿಗೆ ಕೆಂಪು ಚುಕ್ಕೆ ಹಿಡಿದೆ. ಸ್ಪೀಕರಿನ ಸದ್ದು ಅವಳ ರಕ್ತ ಓಡುವುದರದ್ದು ಎಂದಾಗ ಅವಳಿಗೆ ನಗು ಬಂತು.

"ನನ್ನೊಳಗ ಇಷ್ಟ ಗದ್ದಲ ಐತೇನು?"

ಆಮೇಲೆ ತಾನಾಗಿಯೇ ಎಡಗಾಲಿನ ಚಪ್ಪಲಿ ಬಿಟ್ಟಳು. ಹೆಬ್ಬೆರಳಿನ ಪಕ್ಕದಲ್ಲಿ ಚಪ್ಪಲಿ ಕಚ್ಚಿದ ಗಾಯ. ಎರಡು ತಿಂಗಳಾದರೂ ಮಾಯ್ದಿರಲಿಲ್ಲ.

"ಇಲ್ಲೂ ಹಚ್ಚು, ತಮ್ಮಾ. ಈ ಬಟ್ಟು ಯಾಕೋ ಮರಗಟ್ಟಿದಂಗ ಆಗೇತಿ."

ಹಚ್ಚಿದೆ. ಸದ್ದು ಬರಲಿಲ್ಲ. ಸ್ಪೀಕರು ಜೋರು ಮಾಡಿದೆ, ಕಿರಣ ಸರಿಸಿದೆ. ಬಲಗಾಲಿಗೆ ಹಿಡಿದರೆ ಸದ್ದಿತ್ತು. ಮತ್ತೆ ಎಡಗಾಲಿಗೆ ತಂದೆ. ಏನೂ ಇಲ್ಲ. ಯಂತ್ರ ಸರಿಯಾಗಿಯೇ ಇತ್ತು.

"ಯಾಕ, ಏನಾತು?" ಎಂದಳು ಅಕ್ಕ.

"ತಂತಿ ಸಡಲ ಆಗೇತಿ, ಅಕ್ಕಾ" ಎಂದೆ.

ಯಾಕೆ ಹಾಗಂದೆನೋ ಇಂದಿಗೂ ತಿಳಿಯದು. ಅವಳ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. ಭಾನುವಾರ ಹೋಗಿ, ಬೇರೆ ಏನಾದರೂ ನೆವ ಹೇಳಿ ಬಿಜಾಪುರದ ದವಾಖಾನೆಗೆ ಕರೆದೊಯ್ದರಾಯಿತು ಅಂದುಕೊಂಡೆ. "ಹಂಗಾದ್ರ ಮುಲಾಮೇ ಹಚ್ತೇನಿ ಬಿಡು" ಎಂದು ಅವಳು ಆಲಮೇಲದ ಬಸ್ಸು ಹತ್ತಿದಳು.

ಆ ಭಾನುವಾರ ಹೋಗಲಾಗಲಿಲ್ಲ. ನೀರಿನ ಅಳತೆಗಳನ್ನು ಕೂಡಲೇ ಕಳಿಸೆಂದು ಮಾರ್ಗದರ್ಶಕರ ಪತ್ರ ಬಂದಿತ್ತು. ಮುಂದಿನ ಭಾನುವಾರ ಪರೀಕ್ಷೆಯ ಕೆಲಸ. ಮೂರನೆಯ ವಾರ ಮಾವ, ಅಕ್ಕನ ಗಂಡ, ಕಾಲೇಜಿಗೆ ಫೋನು ಮಾಡಿದರು. ಬಟ್ಟು ಕಪ್ಪಾಗಿದೆ, ಜ್ವರ ಇಳಿಯುತ್ತಿಲ್ಲ ಎಂದರು.

ಬಿಜಾಪುರದ ಡಾಕ್ಟರರು ಪಾದ ಮುಟ್ಟಿ ನೋಡಿ ನನ್ನನ್ನು ಹೊರಗೆ ಕರೆದರು.

"ರಕ್ತಾನ ಹರಿಯಾಕತ್ತಿಲ್ರಿ. ಸ್ವಲ್ಪ ಮೊದಲ ಬಂದಿದ್ರ ಬರೇ ಬಟ್ಟು ತಗದ್ರ ಸಾಕಾಗ್ತಿತ್ತೋ ಏನೋ."

ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಹತ್ತು ದಿನದ ನಂತರ, ಮಾವ ಚಹಾ ತರಲು ಹೋದಾಗ, ಅಂದು ಸುಳ್ಳು ಹೇಳಿದ್ದನ್ನು ಅಕ್ಕನಿಗೆ ಹೇಳಿದೆ. ಅವಳು ಹೊದಿಕೆಯ ಅಂಚನ್ನು ಬೆರಳಿಂದ ಮಡಚಿದಳು, ಬಿಚ್ಚಿದಳು.

"ನಿನಗ ಗೊತ್ತಿತ್ತು" ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ.

ಅಂದಿನಿಂದ ಅವಳು ನನ್ನನ್ನು ತಮ್ಮಾ ಎನ್ನಲಿಲ್ಲ. ಮನೆಗೆ ಹೋದರೆ "ಬರ್ರಿ, ಕೂಡ್ರಿ" ಎನ್ನುವಳು, ತಪಾಸಣೆಗೆ ಬಂದ ಅಧಿಕಾರಿಯನ್ನು ಮಾತಾಡಿಸಿದ ಹಾಗೆ. ಮಾವ ಮೊದಮೊದಲು ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು. ನಾನು ಒಮ್ಮೆ, "ಹಂಗ ಅನಬ್ಯಾಡ ಅಕ್ಕಾ" ಎಂದೆ. "ಆತ್ರಿ" ಎಂದಳು.

ಮುಂದಿನ ವರ್ಷ ನನಗೆ ಪದವಿ ಬಂತು. ಪೇಢೆ ಹಿಡಿದು ಆಲಮೇಲಕ್ಕೆ ಹೋದೆ. ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ತೊಗರಿಬೇಳೆ ಆರಿಸುತ್ತಿದ್ದಳು.

"ಚಲೋ ಆತ್ರಿ" ಎಂದು ಪೇಢೆಯ ಪೊಟ್ಟಣವನ್ನು ಪಕ್ಕಕ್ಕಿಟ್ಟಳು, ಮತ್ತೆ ಬೇಳೆಗೆ ಕೈಹಾಕಿದಳು. ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಅಲ್ಲೇ ಕೂತಿದ್ದೆ.